ಇದಕ್ಕೆ ಅದು ಕೂರುತ್ತಾ? ಸಿಕಂದರಾಬಾದಿನ ಪಾರ್ಕ್ ಲೇನ್‌ನಿಂದ ಒಂದು ಕಂಪ್ಯೂಟರ್ ಚರಿತ್ರೆ

ವಿಡಿಯೊದಲ್ಲಿ ಮಾತಾಡಿದ್ದನ್ನ ಓದೋಕೆ ಅನುಕೂಲ ಆಗ್ಲಿ ಅಂತ ಸ್ವಲ್ಪ ಓರಣ ಮಾಡಿ ಇಲ್ಲಿ ಹಾಕಿದ್ದೀನಿ.

"ಕಡಿಮೆ ದುಡ್ಡಲ್ಲಿ ಮನೆಗೊಂದು ಕಂಪ್ಯೂಟರ್ ಜೋಡಿಸ್ಬೇಕು ಸರ್, ಯಾವ ಪ್ರೊಸೆಸರ್‌ಗೆ ಯಾವ ಬೋರ್ಡು ಹೊಂದುತ್ತೆ ಹೇಳಿ" ಅಂತ ನಿಮ್ಮಲ್ಲಿ ಬಹಳ ಜನ ಕೇಳ್ತಾನೇ ಇರ್ತೀರಿ. ಒಂದು ಪಟ್ಟಿ ಮಾಡಿ ಕೊಟ್ಟುಬಿಡಬಹುದು. ಆದ್ರೆ ಆ ಪಟ್ಟಿ ಆರು ತಿಂಗಳಿಗೆ ಹಳಸಿಹೋಗುತ್ತೆ. ಹಾಗಾಗಿ ಇವತ್ತು ಪಟ್ಟಿ ಬೇಡ. ಈ ಪ್ರಶ್ನೆ ನಮ್ಮ ತಲೆ ಮೇಲೆ ಯಾವಾಗ ಬಂದು ಕೂತ್ಕೊಂತು, ಯಾಕೆ ಬಂತು ಅನ್ನೋ ಕತೆ ಹೇಳ್ತೀನಿ. ಕತೆ ಗೊತ್ತಿದ್ರೆ ಪಟ್ಟಿನ ನೀವೇ ಬರ್ಕೋಬಹುದು.

ಕತೆ ಶುರುವಾಗೋದು ನನ್ನದೇ ಒಂದು ಪೆದ್ದುತನದಿಂದ.

2005ನೇ ಇಸವಿ. ನಾನು ಹೈದರಾಬಾದಿನಲ್ಲಿ ಎಂಸಿಎ ಕೊನೇ ವರ್ಷ. ಕಾಚಿಗುಡದಲ್ಲಿ ಒಂದು ರೂಮು, ಮೂರು ಜನ. ನಮ್ಮೂರು ಸೇಡಂ ಹತ್ತಿರ. ಅಪ್ಪ ಶಾಲೆ ಮಾಸ್ತರು. ಪ್ರಾಜೆಕ್ಟ್ ಒಪ್ಪಿಸೋಕೆ ಮೂರು ವಾರ ಉಳಿದಿತ್ತು. ಇಂಟರ್ನೆಟ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೋಡ್ ಬರೆಯೋದು ಮುಗಿಯೋ ಕೆಲಸ ಆಗಿರಲಿಲ್ಲ. ಅಪ್ಪ ಸಂಬಳದ ಮೇಲೆ ಸಾಲ ಎತ್ತಿ 18,000 ರೂಪಾಯಿ ಕಳಿಸಿದ್ರು. ಫೋನಿನಲ್ಲಿ ಒಂದೇ ಮಾತು ಅಂದಿದ್ರು: "ಎಲ್ಲಾ ಒಂದೇ ಕಡೆ ತಗೋಪಾ, ಅಲ್ಲಿಷ್ಟು ಇಲ್ಲಿಷ್ಟು ಮಾಡ್ಬ್ಯಾಡ."

ನಾನು ಅದನ್ನೇ ಮಾಡಿದೆ, ಅಲ್ಲಿಷ್ಟು ಇಲ್ಲಿಷ್ಟು.

ಸಿಕಂದರಾಬಾದಿನ ಪ್ಯಾರಡೈಸ್ ಹತ್ತಿರ ಪಾರ್ಕ್ ಲೇನ್ ಇದೆಯಲ್ಲ, ಅಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಅಂತ ಒಂದು ಕಟ್ಟಡ. ಆ ಪೂರ್ತಿ ಹೆಸರನ್ನ ಯಾರೂ ಹೇಳಲ್ಲ, ಎಲ್ಲರಿಗೂ ಅದು ಸಿಟಿಸಿ. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ, ಹೈದರಾಬಾದಿಗೆ ಸಿಟಿಸಿ ಹಾಗೆ. ಮಹಡಿ ಮೇಲೆ ಮಹಡಿ, ಗೂಡಿನಂಥ ಅಂಗಡಿಗಳು, ಎಲ್ಲಿ ನೋಡಿದ್ರೂ ರಟ್ಟಿನ ಡಬ್ಬಿ. ಒಂದು ಅಂಗಡಿಯಲ್ಲಿ ಬೋರ್ಡು ಇನ್ನೂರು ರೂಪಾಯಿ ಕಮ್ಮಿ, ಇನ್ನೊಂದರಲ್ಲಿ ರ‍್ಯಾಮ್ ನೂರೈವತ್ತು ಕಮ್ಮಿ. ಉಳಿತಾಯದ ಹುಮ್ಮಸ್ಸಿನಲ್ಲಿ ನಾಲ್ಕು ಅಂಗಡಿಯ ನಾಲ್ಕು ಚೀಲ ಹಿಡ್ಕೊಂಡು ರೂಮಿಗೆ ಬಂದೆ. ಕ್ಯಾಬಿನೆಟ್ಟು, ಅದರೊಳಗಿನ ಪವರ್ ಸಪ್ಲೈ, ಹಾರ್ಡ್ ಡಿಸ್ಕು ಸೀನಿಯರ್ ಒಬ್ಬರಿಂದ ಅಗ್ಗಕ್ಕೆ ಸಿಕ್ಕಿದ್ದವು.

ರಾತ್ರಿ ಜೋಡಿಸೋಕೆ ಕೂತೆ. ಪ್ರೊಸೆಸರ್ ಕೂತ್ಕೊಂತು. ರ‍್ಯಾಮ್ ಕೂರಲಿಲ್ಲ. ಉದ್ದ ಸರಿಯಾಗೇ ಇದೆ, ಆದ್ರೆ ಕೆಳಗಿನ ಕಚ್ಚು ಎಲ್ಲೋ ಒಂದಿಷ್ಟೇ ಇಷ್ಟು ಪಕ್ಕಕ್ಕಿದೆ. ಒತ್ತಿದೆ. ಇನ್ನೂ ಒತ್ತಿದೆ. ಬೋರ್ಡು ಬಿಲ್ಲಿನ ಹಾಗೆ ಬಾಗ್ತು. ಆಗ ಕೈ ತೆಗೆದೆ. ಅಪ್ಪನ ಸಾಲದ ದುಡ್ಡು ನೆಲದ ಮೇಲೆ ಹರಡಿಕೊಂಡಿದೆ, ಬಿಲ್ಲಿನ ಕೆಳಗೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಮೊಹರು ಬೇರೆ.

ಅಲ್ಲೇ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಹೋಗೋಣ.

ಒಂದಕ್ಕೊಂದು ಕೂರದೇ ಇರೋ ತೊಂದರೆ ಈ ಊರಿಗೆ ಹೊಸದಲ್ಲ. ನಮ್ಮ ವಾಡಿಯಿಂದ ಸೇಡಂ, ತಾಂಡೂರು ಮೇಲಾಗಿ ಸಿಕಂದರಾಬಾದಿಗೆ ಹೋಗೋ ರೈಲು ಹಳಿ ನಿಜಾಮರ ಕಾಲದ್ದು, 1874ರಲ್ಲಿ ಶುರುವಾದದ್ದು. ಅದು ಬ್ರಾಡ್ ಗೇಜ್, ಅಂದ್ರೆ ಹಳಿಗಳ ಮಧ್ಯೆ ಐದೂವರೆ ಅಡಿ. ವಾಡಿಯಲ್ಲಿ ಮುಂಬೈ–ಮದ್ರಾಸ್ ಹಳಿಗೆ ಅದು ಸಲೀಸಾಗಿ ಸೇರ್ತಿತ್ತು. ಆಮೇಲೆ 1900ರ ಸುಮಾರಿಗೆ ಸಿಕಂದರಾಬಾದಿನಿಂದ ಮನಮಾಡಿಗೆ ಇನ್ನೊಂದು ಹಳಿ ಹಾಕಿದ್ರು, ಅದು ಮೀಟರ್ ಗೇಜ್. ಖರ್ಚು ಕಮ್ಮಿ ಅಂತ ಸಣ್ಣ ಅಳತೆ. ಎರಡೂ ರೈಲೇ, ಎರಡಕ್ಕೂ ಉಗಿ ಎಂಜಿನ್ನೇ. ಆದ್ರೆ ಇದರ ಡಬ್ಬಿ ಅದರ ಮೇಲೆ ಓಡಲ್ಲ. ಗೇಜ್ ಬದಲಾದ ಕಡೆ ಮಾಲನ್ನೆಲ್ಲ ಇಳಿಸಿ ಮತ್ತೆ ಏರಿಸ್ಬೇಕು. ಹಳಿ ಹಾಕುವಾಗ ಉಳಿಸಿದ ಖರ್ಚು ಎಲ್ಲೂ ಮಾಯ ಆಗಿರಲಿಲ್ಲ, ಹಮಾಲರ ಹೆಗಲ ಮೇಲೆ ಹೋಗಿ ಕೂತಿತ್ತು.

ಈ ಮಾತು ನೆನಪಿಟ್ಕೊಳ್ಳಿ. ಕಂಪ್ಯೂಟರಿನ ಕತೆಯೂ ಇದೇ.

ಮೊದಮೊದಲು ಕಂಪ್ಯೂಟರ್ ಅಂದ್ರೆ ಒಂದೇ ಕಂಪನಿಯ ಇಡೀ ಯಂತ್ರ. ಹೈದರಾಬಾದಿಗೆ ಈ ಚರಿತ್ರೆಯಲ್ಲಿ ದೊಡ್ಡ ಪಾಲಿದೆ. 1967ರಲ್ಲಿ ಇಲ್ಲಿ ಇಸಿಐಎಲ್, ಅಂದ್ರೆ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಶುರುವಾಯ್ತು. ಕಟ್ಟಿದವರು ಎ.ಎಸ್. ರಾವ್. ಈಗಲೂ ಅವರ ಹೆಸರಿನ ಬಡಾವಣೆ ಇದೆ, ಇಸಿಐಎಲ್ ಅಂತ ಬೋರ್ಡು ಹಾಕ್ಕೊಂಡ ಸಿಟಿ ಬಸ್ಸು ಓಡಾಡ್ತವೆ. 1969ರಲ್ಲಿ ಇಸಿಐಎಲ್ ಹೊರತಂದ ಯಂತ್ರ ಟಿಡಿಸಿ-12, ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ಅದರ ವಿನ್ಯಾಸ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಿಂದ ಬಂದದ್ದು. ಅದನ್ನ ಕೊಂಡ ಸಂಸ್ಥೆಗೆ "ಯಾವ ರ‍್ಯಾಮ್ ಹಾಕ್ಲಿ" ಅನ್ನೋ ಚಿಂತೆ ಇರಲಿಲ್ಲ. ಮಾಡಿದವರೇ ತಂದು ನಿಲ್ಲಿಸಿ, ಓಡಿಸಿ ತೋರಿಸಿ ಹೋಗ್ತಿದ್ರು. ಹೊಂದಿಸೋ ಕೆಲಸ ತಯಾರಕರದ್ದು, ಅದರ ಕೂಲಿ ಬೆಲೆಯಲ್ಲೇ ಸೇರಿರ್ತಿತ್ತು. ಆ ಬೆಲೆ ಮಾತ್ರ ಮನೆಮಂದಿ ಕನಸಲ್ಲೂ ಎಣಿಸೋ ಅಂಥದ್ದಲ್ಲ.

ತಯಾರಕನೇ ಊರು ಬಿಟ್ಟು ಹೋದ್ರೆ? ಅದೂ ಆಯ್ತು. ವಿದೇಶಿ ಕಂಪನಿಗಳ ಪಾಲು ಶೇಕಡ 40ಕ್ಕೆ ಇಳಿಯಬೇಕು ಅನ್ನೋ ನಿಯಮಕ್ಕೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟಿತು. ಅದರ ಯಂತ್ರಗಳು ಇಲ್ಲೇ ಉಳಿದವು. ಅವನ್ನ ನೋಡ್ಕೊಳ್ಳೋ ಕೆಲಸ ಸರ್ಕಾರಿ ಸಂಸ್ಥೆ ಸಿಎಂಸಿಗೆ ಬಂತು. ಕಂಪ್ಯೂಟರ್ ಮೆಂಟೆನೆನ್ಸ್ ಕಾರ್ಪೊರೇಷನ್ ಅಂತಲೇ ಅದರ ಮೊದಲ ಹೆಸರು, ಸಿಕಂದರಾಬಾದಿನಲ್ಲಿ ಅದರ ಸಂಶೋಧನಾ ಕೇಂದ್ರ ಇತ್ತು. ಬೇರೆಯವರು ಮಾಡಿದ ಯಂತ್ರದ ಒಳಗುಟ್ಟು ತಿಳ್ಕೊಂಡು ಅದನ್ನ ಓಡಿಸೋದು ನಮ್ಮ ಎಂಜಿನಿಯರುಗಳಿಗೆ ಹೊಟ್ಟೆಪಾಡಿನ ವಿದ್ಯೆಯೇ ಆಯ್ತು.

ಈಗ ಅಮೆರಿಕಕ್ಕೆ ಒಂದು ಸುತ್ತು ಹೋಗಿ ಬರೋಣ, ಯಾಕಂದ್ರೆ ಸಿಟಿಸಿಯ ಬೇರು ಇರೋದು ಅಲ್ಲಿ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡ್ತು. ಸುಮಾರು ಒಂದು ವರ್ಷದಲ್ಲಿ ಮುಗಿಸಬೇಕಿದ್ದ ಕೆಲಸ. ಹಾಗಾಗಿ ಎಲ್ಲವನ್ನೂ ತಾನೇ ಮಾಡೋ ಹಳೇ ರೂಢಿ ಬಿಟ್ಟು ಇಂಟೆಲ್‌ನಿಂದ 8088 ಪ್ರೊಸೆಸರ್, ಮೈಕ್ರೋಸಾಫ್ಟ್‌ನಿಂದ ಡಾಸ್, ಉಳಿದದ್ದೂ ಹೆಚ್ಚಿನಂಶ ಮಾರುಕಟ್ಟೆಯಲ್ಲಿ ಸಿಗೋ ಭಾಗಗಳು. ಒಳಗೆ ಐದು ಸ್ಲಾಟು, ಯಾರು ಬೇಕಾದ್ರೂ ಕಾರ್ಡ್ ಮಾಡಿ ಚುಚ್ಚಬಹುದು. ಸರ್ಕಿಟ್ ನಕ್ಷೆಯನ್ನೂ ಬಯಾಸ್‌ನ ಕೋಡನ್ನೂ ಪುಸ್ತಕದಲ್ಲಿ ಅಚ್ಚು ಹಾಕಿ ಮಾರಿದ್ರು. ಬಯಾಸ್ ಅಂದ್ರೆ ಯಂತ್ರ ಹೊತ್ತಿಕೊಂಡ ತಕ್ಷಣ ಓಡೋ ಮೊದಲ ತಂತ್ರಾಂಶ. ಅದಕ್ಕೆ ಮಾತ್ರ ಐಬಿಎಂನ ಕಾಪಿರೈಟ್ ಇತ್ತು.

ಅದೊಂದೇ ಬೀಗ. ಕಾಂಪ್ಯಾಕ್ ಕಂಪನಿ ಅದನ್ನ ಒಡೆಯಲಿಲ್ಲ, ಬೇರೆ ಕೀಲಿ ಮಾಡ್ತು. ಒಂದು ತಂಡ ಐಬಿಎಂ ಬಯಾಸ್ ಏನೇನು ಮಾಡುತ್ತೆ ಅಂತ ಬರೆದಿಡ್ತು. ಆ ಕೋಡನ್ನ ಕಣ್ಣಲ್ಲೂ ನೋಡದ ಇನ್ನೊಂದು ತಂಡ ಆ ಬರಹ ಇಟ್ಕೊಂಡು ಹೊಸದಾಗಿ ಬರೀತು. 1983ರಲ್ಲಿ ಆ ಯಂತ್ರ ಮಾರಾಟಕ್ಕೆ ಬಂತು. 1984ರ ಹೊತ್ತಿಗೆ ಫೀನಿಕ್ಸ್ ಕಂಪನಿ ಅಂಥದ್ದೇ ಬಯಾಸನ್ನ ಕೇಳಿದವರಿಗೆಲ್ಲ ಮಾರೋಕೆ ಶುರು ಮಾಡ್ತು. ಅಲ್ಲಿಗೆ ಕಟ್ಟೆ ಒಡೀತು. ತೈವಾನಿನ ಕಾರ್ಖಾನೆಗಳಿಂದ ಬೋರ್ಡು, ಕಾರ್ಡು ಬರೋಕೆ ಶುರುವಾದವು. ಅದೇ 1984ರ ನವೆಂಬರಿನಲ್ಲಿ ನಮ್ಮಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂತು, ಬಿಡಿಭಾಗಗಳ ಆಮದು ಸಡಿಲ ಆಯ್ತು.

1987ರಲ್ಲಿ ಐಬಿಎಂ ಮತ್ತೆ ಬಾಗಿಲು ಹಾಕೋಕೆ ನೋಡ್ತು. ಪಿಎಸ್/2 ಯಂತ್ರದಲ್ಲಿ ಮೈಕ್ರೋ ಚಾನೆಲ್ ಅನ್ನೋ ಹೊಸ ಸ್ಲಾಟು, ಹಳೇ ಕಾರ್ಡು ಅದರಲ್ಲಿ ಕೂರಲ್ಲ, ಮಾಡೋರು ಲೈಸೆನ್ಸ್ ತಗೋಬೇಕು. ಮರುವರ್ಷವೇ ಕಾಂಪ್ಯಾಕ್ ಸೇರಿ ಒಟ್ಟು ಒಂಬತ್ತು ಕಂಪನಿ ಒಂದಾಗಿ, ಹಳೇ ಕಾರ್ಡೂ ಕೂರೋ ಇನ್ನೊಂದು ಸ್ಲಾಟು ಮುಂದಿಟ್ರು. ಮೈಕ್ರೋ ಚಾನೆಲ್ ಮೂಲೆ ಸೇರ್ತು. ಜನ ಆಗಲೇ ದುಡ್ಡು ಹಾಕಿ ಕೊಂಡಿದ್ದ ಕಾರ್ಡುಗಳ ಭಾರ ಐಬಿಎಂಗಿಂತ ದೊಡ್ಡದಾಗಿತ್ತು ಅನ್ನೋದು ನನ್ನ ಲೆಕ್ಕ.

ಈ ಸ್ಲಾಟಿನ ಪುಣ್ಯ ಕನ್ನಡಕ್ಕೂ ಸಿಕ್ಕಿದೆ. ಐಐಟಿ ಕಾನ್ಪುರದಲ್ಲಿ ಹುಟ್ಟಿ, ಪುಣೆಯ ಸಿಡಾಕ್ ಬೆಳೆಸಿದ ಜಿಸ್ಟ್ ಕಾರ್ಡ್ ಕೇಳಿರಬಹುದು. ಡಾಸ್ ಕಾಲದ ಪಿಸಿಯ ಖಾಲಿ ಸ್ಲಾಟಿಗೆ ಅದನ್ನ ಚುಚ್ಚಿದ್ರೆ ಪರದೆ ಮೇಲೆ ಕನ್ನಡ, ತೆಲುಗು, ದೇವನಾಗರಿ ಮೂಡ್ತಿತ್ತು. ಐಬಿಎಂನವರ ತಲೆಯಲ್ಲಿ ಕನ್ನಡ ಇರಲಿಲ್ಲ. ಅವರು ಬಿಟ್ಟ ಖಾಲಿ ಜಾಗದಲ್ಲಿ ನಮ್ಮವರು ಕನ್ನಡ ಕೂರಿಸಿದ್ರು. ಮುಂದೆ ಆ ಐಎಸ್ಎ ಸ್ಲಾಟೇ ಬೋರ್ಡುಗಳಿಂದ ಮಾಯವಾದಾಗ ಆ ಕಾರ್ಡಿಗೂ ಕೂರೋಕೆ ಜಾಗ ಉಳೀಲಿಲ್ಲ. ಹೊಂದಾಣಿಕೆ ಕೊಡೋದನ್ನೂ ಕೊಡುತ್ತೆ, ಕಿತ್ಕೊಳ್ಳೋದನ್ನೂ ಕಿತ್ಕೊಳ್ಳುತ್ತೆ.

ಬಾಗಿಲು ತೆರೆದದ್ದರಿಂದ ಬೆಲೆ ಇಳೀತು, ಸರಿ. ಆದ್ರೆ ಹೊಂದಿಸೋ ಕೆಲಸ? ಅದು ತಯಾರಕರ ಕೈಯಿಂದ ಜಾರಿ ಅಂಗಡಿಯವರ ಕೈಗೆ ಬಂತು. ತೊಂಬತ್ತರ ದಶಕದ ಅಸೆಂಬ್ಲರ್ ಹುಡುಗರನ್ನ ನೆನಪು ಮಾಡ್ಕೊಳ್ಳಿ. ಪವರ್ ಸಪ್ಲೈನಿಂದ ಬೋರ್ಡಿಗೆ ಆಗ ಎರಡು ಪ್ಲಗ್ಗು, ಎರಡೂ ಒಂದೇ ಥರ. ಅದಲು ಬದಲಾದ್ರೆ ಬೋರ್ಡು ಸುಟ್ಟುಹೋಗಬಹುದು. "ಕರಿ ತಂತಿ ಪಕ್ಕ ಕರಿ ತಂತಿ" ಅನ್ನೋದು ಆಗಿನ ಮಂತ್ರ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆ ತಂದ ಮೇಲೆ ಒಂದೇ ಪ್ಲಗ್ಗು ಬಂತು, ಒಂದೇ ದಿಕ್ಕಿಗೆ ಕೂರೋ ಅಂಥದ್ದು.

ಅದೇ ಕಾಲದ ಸಾಕೆಟ್ 7 ಬಡವರ ಬಂಧು. ಒಂದೇ ಸಾಕೆಟ್ಟಿಗೆ ಇಂಟೆಲ್ ಪೆಂಟಿಯಂ, ಎಎಂಡಿ ಕೆ6, ಸೈರಿಕ್ಸ್ ಎಲ್ಲಾ ಕೂರ್ತಿದ್ದವು. ಆದ್ರೆ ಹಳೇ ಪೆಂಟಿಯಂಗೆ 3.3 ವೋಲ್ಟ್ ಬೇಕು, ಪೆಂಟಿಯಂ ಎಂಎಂಎಕ್ಸ್‌ನ ಒಳಗಿಗೆ 2.8 ಸಾಕು. ಬೋರ್ಡಿನ ಪುಟಾಣಿ ಜಂಪರ್ ತೆಗೆದು ಸರಿಯಾದ ಜಾಗಕ್ಕೆ ಹಾಕ್ಬೇಕು. ಆಕಾರ ಒಂದೇ, ಕುಡಿಯೋ ವಿದ್ಯುತ್ತು ಬೇರೆ. ಆಮೇಲೆ 1997ರಲ್ಲಿ ಇಂಟೆಲ್ ತನ್ನದೇ ಸ್ಲಾಟ್ 1 ತಗೊಂಡು ಬೇರೆ ದಾರಿ ಹಿಡೀತು. 1999ರಲ್ಲಿ ಎಎಂಡಿ ಸ್ಲಾಟ್ ಎ ತಂತು. ತಮಾಷೆ ಏನಂದ್ರೆ ಕನೆಕ್ಟರ್ ಅದೇ, ತಿರುಗಿಸಿ ಕೂರಿಸಿದ್ದು ಅಷ್ಟೇ. ಆದ್ರೆ ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಓಡಲ್ಲ. ಅಲ್ಲಿಂದ ಇಂಟೆಲ್ ಬೋರ್ಡು ಬೇರೆ, ಎಎಂಡಿ ಬೋರ್ಡು ಬೇರೆ.

ಇಷ್ಟೆಲ್ಲ ಅಂಗಡಿಯವರ ತಲೆಯಲ್ಲಿ ಇರ್ತಿತ್ತು. ಒಂದೇ ಕಡೆ ಕೊಂಡೋರಿಗೆ ಆ ತಲೆಯೂ ಪುಕ್ಕಟೆ ಸಿಗ್ತಿತ್ತು. ನಮ್ಮಪ್ಪ ಹೇಳಿದ್ದು ಇದನ್ನೇ. ನಾನು ಮುನ್ನೂರೈವತ್ತು ರೂಪಾಯಿ ಉಳಿಸೋಕೆ ಹೋಗಿ ಆ ತಲೆಯನ್ನ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

ಈಗ ನನ್ನ ರೂಮಿಗೆ ವಾಪಸ್ ಬರೋಣ. ನಾನು ಕೊಂಡ ಸಮಯವೂ ಕೆಟ್ಟದ್ದೇ. 2004ರ ಮಧ್ಯದಲ್ಲಿ ಇಂಟೆಲ್ ಒಂದೇ ಏಟಿಗೆ ಎಲ್ಲಾ ಬದಲಿಸಿತ್ತು. ಸಾಕೆಟ್ 478 ಹೋಗಿ ಎಲ್‌ಜಿಎ 775, ಎಜಿಪಿ ಸ್ಲಾಟ್ ಹೋಗಿ ಪಿಸಿಐ ಎಕ್ಸ್‌ಪ್ರೆಸ್, ಡಿಡಿಆರ್ ಪಕ್ಕದಲ್ಲಿ ಡಿಡಿಆರ್2. ಹಳತು ಹೊಸತು ಎರಡೂ ಅಂಗಡಿಗಳಲ್ಲಿ ಒಟ್ಟಿಗೇ ಇದ್ದವು. ನನ್ನ ಗೆಳೆಯನದ್ದೂ 775 ಬೋರ್ಡೇ, ಅವನು ಹಾಕಿದ್ದು ಡಿಡಿಆರ್. ಹಾಗಾಗಿ ನಾನೂ ಡಿಡಿಆರ್ ತಂದೆ. ಆದ್ರೆ ನನ್ನ ಬೋರ್ಡಿನ ಇಂಟೆಲ್ 915 ಚಿಪ್‌ಸೆಟ್ ಎರಡು ಥರದ ರ‍್ಯಾಮಿಗೂ ಆಗ್ತಿತ್ತು, ಯಾವುದಕ್ಕೆ ಸ್ಲಾಟ್ ಕೊಡೋದು ಅನ್ನೋದು ಬೋರ್ಡು ಮಾಡಿದವರ ಇಷ್ಟ. ನನ್ನದಕ್ಕೆ ಡಿಡಿಆರ್2 ಸ್ಲಾಟು. ಡಿಡಿಆರ್‌ಗೆ 184 ಪಿನ್, ಡಿಡಿಆರ್2ಗೆ 240. ಉದ್ದ ಒಂದೇ, ಕಚ್ಚಿನ ಜಾಗ ಬೇರೆ. ಸಾಕೆಟ್ಟಿನ ಹೆಸರು ನೋಡಿ ರ‍್ಯಾಮ್ ತಂದಿದ್ದು ನನ್ನ ತಪ್ಪು.

ಮರುದಿನ ಬೆಳಿಗ್ಗೆ ಎಲ್ಲಾ ಹೊತ್ಕೊಂಡು ಸಿಟಿಸಿಗೆ ಹೋದೆ. ರ‍್ಯಾಮ್ ಕೊಟ್ಟ ಅಂಗಡಿಯವರು ಬಿಲ್ಲಿನ ಮೊಹರು ತೋರಿಸಿ ಕೈ ಆಡಿಸಿದ್ರು. ಕೆಳಗೆ ರಿಪೇರಿ ಮಾಡ್ತಾ ಕೂತಿದ್ದ ವಯಸ್ಸಾದ ಒಬ್ಬರು ನನ್ನ ಮುಖ ನೋಡಿ ಕರೆದ್ರು. ನಾನು ರ‍್ಯಾಮ್ ಸ್ಲಾಟಿಗೆ ಹಿಡಿದು ತೋರಿಸೋಕೆ ಹೋದೆ. "ಜಬರ್‌ದಸ್ತಿ ನಕ್ಕೋ ಕರೋ ಬೇಟಾ" ಅಂತ ಕೈ ಹಿಡ್ಕೊಂಡ್ರು. ನಮ್ಮ ಕಲಬುರಗಿ ಕಡೆಯವರಿಗೆ ಆ ದಖನಿ ಮಾತು ಮನೆ ಮಾತಿನಷ್ಟೇ ಹತ್ತಿರ. ಡಿಡಿಆರ್ ಕಡ್ಡಿಯನ್ನ ಸ್ವಲ್ಪ ಕಡಿಮೆಗೆ ತಾವೇ ಇಟ್ಕೊಂಡು, ಮೇಲೆ ನಾನೂರು ರೂಪಾಯಿ ತಗೊಂಡು ಡಿಡಿಆರ್2 ಕೊಟ್ರು. ಉಳಿಸಿದ್ದ ಮುನ್ನೂರೈವತ್ತು ಅಲ್ಲೇ ಹೋಯ್ತು, ಕೈಯಿಂದ ಇನ್ನೂ ಐವತ್ತು.

ಅಷ್ಟಕ್ಕೇ ಬಿಡಲಿಲ್ಲ ಅವರು. ಉಳಿದದ್ದನ್ನೂ ತೆಗೆಸಿ ನೋಡಿದ್ರು. ಹಳೇ ಪವರ್ ಸಪ್ಲೈ ಪ್ಲಗ್ಗಿಗೆ 20 ಪಿನ್, ಬೋರ್ಡಿನಲ್ಲಿ 24ಕ್ಕೆ ಜಾಗ. ಕೂರುತ್ತೆ, ನಾಲ್ಕು ಖಾಲಿ ಉಳಿಯುತ್ತೆ. "ಚಾಚಾ, ಕೂತ್ಕೊಂತಲ್ಲ, ಸಾಕಲ್ವಾ?" ಅಂದೆ ಹಿಂದಿಯಲ್ಲಿ. ಅವರು ಹೇಳಿದ್ದು ಇವತ್ತಿಗೂ ನೆನಪಿದೆ: "ಬೈಠ್‌ನಾ ಅಲಗ್, ಚಲ್‌ನಾ ಅಲಗ್." ಕೂರೋದು ಬೇರೆ, ನಡೆಯೋದು ಬೇರೆ. ಸದ್ಯಕ್ಕೆ ನಡೆಯುತ್ತೆ, ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋ ಆಸೆ ಇದ್ರೆ ಮೊದಲು ಇದನ್ನ ಬದಲಿಸು ಅಂದ್ರು. ಬೋರ್ಡಿನಲ್ಲಿ ಐಡಿಇ ಜಾಗ ಒಂದೇ ಇತ್ತು. ಹಾರ್ಡ್ ಡಿಸ್ಕನ್ನೂ ಸಿಡಿ ಡ್ರೈವನ್ನೂ ಒಂದೇ ಪಟ್ಟಿ ಕೇಬಲ್ಲಿಗೆ ಹಾಕಿ, ಹಿಂದಿನ ಜಂಪರ್‌ನಲ್ಲಿ ಒಂದನ್ನ ಮಾಸ್ಟರ್ ಇನ್ನೊಂದನ್ನ ಸ್ಲೇವ್ ಮಾಡೋದನ್ನ ಅವರೇ ಕಲಿಸಿದ್ರು. ಮಧ್ಯಾಹ್ನದ ಹೊತ್ತಿಗೆ ಪರದೆ ಬೆಳಗಿತು. ಪ್ರಾಜೆಕ್ಟ್ ಮುಗೀತು. ಅಪ್ಪನಿಗೆ ನಾನೂರು ರೂಪಾಯಿ ಕತೆ ಹೇಳಿದ್ದು ಮಾತ್ರ ಕೆಲಸ ಸಿಕ್ಕಿದ ಮೇಲೆ.

ಇದೆಲ್ಲ ಹಳೇ ಕತೆ ಅಂತೀರಾ? 2021ರಲ್ಲಿ ಇಂಟೆಲ್ ಎಲ್‌ಜಿಎ 1700 ಸಾಕೆಟ್ ತಂತು. ಅದರ ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್4, ಕೆಲವಕ್ಕೆ ಡಿಡಿಆರ್5. ಪಿನ್ ಎರಡಕ್ಕೂ 288, ಕಚ್ಚು ಬೇರೆ. ನನ್ನ 915 ಕತೆ ಹದಿನಾರು ವರ್ಷದ ಮೇಲೆ ಹಾಗ್ಹಾಗೇ ಮತ್ತೆ ಬಂತು. 2017ರಲ್ಲಿ ಇನ್ನೊಂದು ಆಗಿತ್ತು. ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್‌ಗೂ ಹಳೇ 6, 7ನೇ ತಲೆಮಾರಿನ ಬೋರ್ಡಿಗೂ ಸಾಕೆಟ್ ಎಲ್‌ಜಿಎ 1151. ಕೂರುತ್ತೆ, ಆದ್ರೆ ನಡೆಯಲ್ಲ. ಎಎಂಡಿ ತನ್ನ ಎಎಂ4 ಸಾಕೆಟ್ಟನ್ನ ಬಹಳ ವರ್ಷ ಉಳಿಸಿಕೊಂಡಿತು, ಒಳ್ಳೇದೇ. ಆದ್ರೂ 2020ರಲ್ಲಿ ಹೊಸ ರೈಜನ್ 5000 ಹಳೇ 400 ಸರಣಿ ಬೋರ್ಡುಗಳಿಗೆ ಸಿಗಲ್ಲ ಅಂತ ಮೊದಲು ಹೇಳ್ತು. ಕೊಂಡವರೆಲ್ಲ ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ ಮಾತು ಬದಲಿಸ್ತು. ಮೈಕ್ರೋ ಚಾನೆಲ್ ಪಾಠ ನೆನಪಾಯ್ತಲ್ವಾ?

ಹಾಗಾದ್ರೆ ಕೊಳ್ಳೋ ಮುಂಚೆ ಏನು ನೋಡ್ಬೇಕು? ಚಾಚಾ ಹೇಳಿದ್ದನ್ನೇ ನಾನು ಮೂರು ಪ್ರಶ್ನೆ ಮಾಡ್ಕೊಂಡಿದ್ದೀನಿ.

ಒಂದು, ಕೂರುತ್ತಾ? ಪ್ರೊಸೆಸರ್‌ಗೆ ಸಾಕೆಟ್, ರ‍್ಯಾಮ್‌ಗೆ ಡಿಡಿಆರ್ ಸಂಖ್ಯೆ, ಬೋರ್ಡಿನ ಅಳತೆಗೆ ಕ್ಯಾಬಿನೆಟ್, ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರಿನ ಎತ್ತರ. ರ‍್ಯಾಮ್ ವಿಷಯದಲ್ಲಿ ಸಾಕೆಟ್ ಹೆಸರನ್ನ ನಂಬಬೇಡಿ, ನಿಮ್ಮದೇ ಬೋರ್ಡಿನ ಪೂರ್ತಿ ಮಾಡೆಲ್ ಹೆಸರು ಹುಡುಕಿ ಓದಿ.

ಎರಡು, ತಾಳುತ್ತಾ? ಪವರ್ ಸಪ್ಲೈ ಮೇಲೆ ಬರೆದ ವ್ಯಾಟ್ ಒಂದೇ ಸಾಲದು. ಪ್ರೊಸೆಸರ್‌ಗೆ ಕೊಡೋ 4 ಅಥವಾ 8 ಪಿನ್ ಇದೆಯಾ, ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಪ್ಲಗ್ ಇದೆಯಾ ನೋಡಿ. ಉಳಿತಾಯ ಮಾಡೋಕೆ ಇದು ಜಾಗ ಅಲ್ಲವೇ ಅಲ್ಲ, ಇದು ಸುಟ್ರೆ ಜೊತೆಗಿರೋದನ್ನೂ ಸುಡಬಹುದು.

ಮೂರು, ಮಾತಾಡುತ್ತಾ? ಆ ಬೋರ್ಡಿನ ಬಯಾಸ್‌ಗೆ ಈ ಪ್ರೊಸೆಸರ್ ಪರಿಚಯ ಇದೆಯಾ, ಯಾವ ಆವೃತ್ತಿಯಿಂದ ಇದೆ ಅಂತ ತಯಾರಕರ ಪಟ್ಟಿಯಲ್ಲಿ ನೋಡಿ. ಹಳೇ ಸ್ಟಾಕ್ ಬೋರ್ಡಾದ್ರೆ ಅಂಗಡಿಯವರ ಹತ್ತಿರವೇ ಬಯಾಸ್ ಅಪ್‌ಡೇಟ್ ಮಾಡಿಸ್ಕೊಳ್ಳಿ. ಎಂ.2 ಸ್ಲಾಟಿನಲ್ಲಿ ಸಾಟಾ ಮಾತಾಡೋ ಎಸ್ಎಸ್‌ಡಿಯೂ ಇದೆ, ಎನ್‌ವಿಎಂಇ ಮಾತಾಡೋದೂ ಇದೆ, ನಿಮ್ಮ ಬೋರ್ಡಿಗೆ ಯಾವ ಭಾಷೆ ಬರುತ್ತೆ ಕೇಳಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ರೆ, ಎಎಂ4 ರೈಜನ್ ಹೆಸರಿನಲ್ಲಿ ಜಿ ಇಲ್ಲದಿದ್ರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ರೆ ಪರದೆ ಕಪ್ಪಾಗೇ ಇರುತ್ತೆ.

ಅಗ್ಗದ ಕಂಪ್ಯೂಟರ್ ಯಾಕೆ ಅಗ್ಗ ಅಂದ್ರೆ, ಹೊಂದಿಸೋ ಕೆಲಸದ ಕೂಲಿ ಅದರ ಬೆಲೆಯಲ್ಲಿಲ್ಲ. ಇಸಿಐಎಲ್ ಕಾಲದಲ್ಲಿ ಆ ಕೆಲಸ ಎಂಜಿನಿಯರದ್ದು, ತೊಂಬತ್ತರಲ್ಲಿ ಅಂಗಡಿಯವರದ್ದು, ಮನೆಯಲ್ಲೇ ಕೂತು ಒಂದೊಂದೇ ಭಾಗ ತರಿಸ್ಕೊಳ್ಳೋ ಈ ಕಾಲದಲ್ಲಿ ಪೂರ್ತಿ ನಮ್ಮದು. ಗೇಜ್ ಬದಲಾದಲ್ಲಿ ಮಾಲು ಹೊರೋರು ಈಗ ನಾವೇ. ಹಾಗಾಗಿ ಕೊಳ್ಳೋ ಹಿಂದಿನ ರಾತ್ರಿ ಒಂದು ಗಂಟೆ ಕೂತು ಹಾಳೆ ಮೇಲೆ ಈ ಮೂರು ಪ್ರಶ್ನೆ ಬರೆದು ಉತ್ತರ ತುಂಬ್ಸಿ. ಅಷ್ಟಕ್ಕೂ ಧೈರ್ಯ ಸಾಲಲಿಲ್ಲ ಅಂದ್ರೆ ನಮ್ಮಪ್ಪನ ಮಾತು ಕೇಳಿ, ಮುನ್ನೂರೈವತ್ತು ಹೆಚ್ಚಾದ್ರೂ ಎಲ್ಲಾ ಒಂದೇ ಕಡೆ ತಗೊಂಡು, ಅಲ್ಲೇ ಜೋಡಿಸಿ ಓಡಿಸಿ ನೋಡಿ ಮನೆಗೆ ತನ್ನಿ.

ನೀವು ಜೋಡಿಸಿದ ಮೊದಲ ಯಂತ್ರದಲ್ಲಿ ಕೂರದೇ ಹೋದದ್ದು ಯಾವುದು? ಕೂತೂ ನಡೆಯದೇ ಹೋದದ್ದು ಯಾವುದು? ಬರೆದು ತಿಳಿಸಿ. ಮುಂದಿನ ಮಾತುಕತೆಯಲ್ಲಿ ಸಿಗೋಣ, ನಮಸ್ಕಾರ.